ಡಿಬಗ್ಗರ್ ಕನೆಕ್ಟ್ ಆಗುತ್ತಿಲ್ಲವೆ? ತೊಂದರೆ ಯಾವ ಬದಿಯದು ಅಂತ ಮೊದಲು ನೋಡಿ

ಚಿಪ್ಪಿಗೆ ಪ್ರೋಗ್ರಾಮ್ ಹಾಕಲು, ಅದರ ತಪ್ಪು ಹುಡುಕಲು ಕಂಪ್ಯೂಟರಿಗೂ ಚಿಪ್ಪಿಗೂ ನಡುವೆ ಡಿಬಗ್ಗರ್ ಎಂಬ ಸಣ್ಣ ಸಾಧನ ಇರುತ್ತದೆ. ಒಂದು ಬದಿ ಯುಎಸ್‌ಬಿ, ಇನ್ನೊಂದು ಬದಿ ಬೋರ್ಡಿಗೆ ಹೋಗುವ ಮೂರು ನಾಲ್ಕು ವೈರು. ‘ಕನೆಕ್ಟ್ ಆಗ್ತಿಲ್ಲ’ ಎಂದಾಗ ಈ ಎರಡರಲ್ಲಿ ಯಾವ ಬದಿ ಕೈಕೊಟ್ಟಿದೆ ಅಂತ ಗೊತ್ತುಮಾಡಿಕೊಳ್ಳದೆ ಡ್ರೈವರ್ ಅಳಿಸುವುದು, ಸಾಫ್ಟ್‌ವೇರ್ ಮತ್ತೆ ಹಾಕುವುದು, ಕೊನೆಗೆ ಬೆಂಗಳೂರಿನಿಂದ ಹೊಸ ಡಿಬಗ್ಗರ್ ತರಿಸುವುದು, ಇದೆಲ್ಲ ಬರೀ ದಂಡ. ನನ್ನ ಬಳಿ ‘ಸತ್ತುಹೋಗಿದೆ’ ಎಂದು ತಂದ ಡಿಬಗ್ಗರ್‌ಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು.

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪಿಗೆ ಟೈಮರ್ ಬೋರ್ಡ್, ಮಣ್ಣಿನ ತೇವ ಅಳೆಯುವ ಬ್ಯಾಟರಿ ಬೋರ್ಡ್, ಇಂಥವನ್ನು ಮಾಡಿಕೊಡುತ್ತೇನೆ, ರಿಪೇರಿಯನ್ನೂ ಮಾಡುತ್ತೇನೆ. ಹೆಚ್ಚಿನದಕ್ಕೆ ಎಸ್‌ಟಿಎಂ32ಎಫ್103 ಚಿಪ್, ಅಂದರೆ ಎಲ್ಲರ ಬಾಯಲ್ಲಿರುವ ಬ್ಲೂ ಪಿಲ್ ಬೋರ್ಡ್. ಡಿಬಗ್ಗರ್ ಅಂದರೆ ಪೆನ್‌ಡ್ರೈವ್ ತರ ಕಾಣುವ, ಅಲ್ಯೂಮಿನಿಯಂ ಕವರಿನ ಅಗ್ಗದ ಎಸ್‌ಟಿ-ಲಿಂಕ್ ವಿ2. ರೊಬಸ್ಟಾ ತೋಟದವರು ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು ಹಾಯಿಸುವ ಹೊತ್ತಿಗೆ ಬೋರ್ಡ್ ನಿಂತರೆ ಅವರಿಗೆ ಒಂದು ದಿನವೂ ದೊಡ್ಡದು. ಹಾಗಾಗಿ ಯಾವುದನ್ನು ಮೊದಲು ನೋಡಬೇಕು ಅನ್ನುವುದು ನನಗೆ ತುಂಬಾ ಮುಖ್ಯ.

ಎರರ್ ಮೆಸೇಜನ್ನು ಪೂರ್ತಿ ಓದಿ. ಚಿಪ್ಪಿಗೆ ಪ್ರೋಗ್ರಾಮ್ ಕಳಿಸುವ ಕ್ಯೂಬ್‌ಪ್ರೋಗ್ರಾಮರ್ ಸಾಫ್ಟ್‌ವೇರ್ ‘ನೋ ಎಸ್‌ಟಿ-ಲಿಂಕ್ ಡಿಟೆಕ್ಟೆಡ್’ ಎಂದರೆ ತೊಂದರೆ ಯುಎಸ್‌ಬಿ ಬದಿಯದು. ‘ನೋ ಎಸ್‌ಟಿಎಂ32 ಟಾರ್ಗೆಟ್ ಫೌಂಡ್’ ಎಂದರೆ ಡಿಬಗ್ಗರ್ ಸಿಕ್ಕಿದೆ, ಅದಕ್ಕೆ ಚಿಪ್ ಸಿಗುತ್ತಿಲ್ಲ. ಅದೇ ಕೆಲಸಕ್ಕೆ ಬಳಸುವ ಇನ್ನೊಂದು ಸಾಫ್ಟ್‌ವೇರ್ ಓಪನ್‌ಒಸಿಡಿಯಲ್ಲೂ ಹಾಗೆಯೇ: ‘ಓಪನ್ ಫೇಲ್ಡ್’ ಬಂದರೆ ಕಂಪ್ಯೂಟರ್ ಕಡೆ ನೋಡಿ, ‘ಅನೇಬಲ್ ಟು ಕನೆಕ್ಟ್ ಟು ದ ಟಾರ್ಗೆಟ್’ ಬಂದರೆ ಬೋರ್ಡ್ ಕಡೆ ನೋಡಿ. ಎರಡನೆಯ ಮೆಸೇಜ್ ಬಂದವರು ಡ್ರೈವರ್ ಮುಟ್ಟುವ ಅಗತ್ಯವೇ ಇಲ್ಲ.

ಇನ್ನೂ ಅನುಮಾನವಿದ್ದರೆ ಬೋರ್ಡಿನ ವೈರುಗಳನ್ನೆಲ್ಲ ಕಿತ್ತು ಡಿಬಗ್ಗರ್ ಒಂದನ್ನೇ ಯುಎಸ್‌ಬಿಗೆ ಚುಚ್ಚಿ. ಒಂಟಿಯಾಗಿ ಚುಚ್ಚಿದಾಗ ಕಾಣಿಸಿಕೊಂಡು, ಬೋರ್ಡ್ ಸಿಕ್ಕಿಸಿದ ಕೂಡಲೇ ಮಾಯವಾಗುತ್ತದೆ ಎಂದಾದರೆ ನಿಮ್ಮ ಬೋರ್ಡಿನಲ್ಲಿ ಶಾರ್ಟ್ ಇದೆ, ಇಲ್ಲವೇ ಅದು ಡಿಬಗ್ಗರ್ ಕೊಡಲಾರದಷ್ಟು ಕರೆಂಟ್ ಎಳೆಯುತ್ತಿದೆ. ಆಗ ಮಲ್ಟಿಮೀಟರ್ ಹಿಡಿದು ಬೋರ್ಡಿನ 3.3 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ ಶಾರ್ಟ್ ಇದೆಯೇ ನೋಡಿ.

ಯುಎಸ್‌ಬಿ ಬದಿಯ ಕೆಲಸ ಬೇಗ ಮುಗಿಯುತ್ತದೆ. ನಿಮ್ಮದು ಕೇಬಲ್ ಇರುವ ಡಿಬಗ್ಗರ್ ಆಗಿದ್ದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗಿಗೆ ಮಾತ್ರ ಮಾಡಿದ ಕೇಬಲ್‌ಗಳಲ್ಲಿ ಡೇಟಾ ವೈರ್ ಇರುವುದಿಲ್ಲ. ಲೈಟ್ ಉರಿಯುತ್ತದೆ, ಕಂಪ್ಯೂಟರಿಗೆ ಏನೂ ಕಾಣುವುದಿಲ್ಲ. ಅದೇ ಕೇಬಲ್‌ನಲ್ಲಿ ಫೋನ್ ಹಾಕಿ ಫೋಟೊ ಕಾಪಿ ಆಗುತ್ತದೆಯೇ ನೋಡಿದರೆ ಉತ್ತರ ಸಿಕ್ಕಿತು. ಹಬ್ ಇದ್ದರೆ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ, ಬೇರೆ ಪೋರ್ಟಿನಲ್ಲೂ ನೋಡಿ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆಗೆದು ಅಲ್ಲಿನ ಕೋಡ್ ನೋಡಿ. ಕೋಡ್ 28 ಎಂದರೆ ಡ್ರೈವರ್ ಇಲ್ಲ, ಹಾಕಿದರೆ ಮುಗಿಯಿತು. ಕೋಡ್ 43, ಜೊತೆಗೆ ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಅಂತ ಬಂದರೆ ಕಂಪ್ಯೂಟರಿಗೆ ಡಿಬಗ್ಗರಿನ ಹೆಸರನ್ನು ಓದುವುದಕ್ಕೂ ಆಗಿಲ್ಲ. ಯಾವ ಡ್ರೈವರ್ ಬೇಕು ಎಂದು ಗೊತ್ತಾಗುವ ಹಂತಕ್ಕೇ ಅದು ಬಂದಿಲ್ಲ. ಅಲ್ಲಿ ಡ್ರೈವರ್ ಹಾಕುತ್ತಾ ಕೂರಬೇಡಿ. ಕೇಬಲ್, ಪೋರ್ಟ್, ಡಿಬಗ್ಗರಿನ ಯುಎಸ್‌ಬಿ ಪ್ಲಗ್ಗಿನ ಬೆಸುಗೆ, ಇವನ್ನು ನೋಡಿ. ಜಡಿಗ್ ಎಂಬ ಸಾಫ್ಟ್‌ವೇರ್ ಬಳಸಿ ಡ್ರೈವರ್ ಬದಲಿಸುವವರು ಪಟ್ಟಿಯಲ್ಲಿ ಎಸ್‌ಟಿ-ಲಿಂಕ್ ಸಾಲನ್ನೇ ಆರಿಸಿದ್ದೀರಾ ಎಂದು ಎರಡು ಸಲ ನೋಡಿ. ತಪ್ಪಿ ಕೀಬೋರ್ಡಿನ ಸಾಲು ಆರಿಸಿದರೆ ಕೀಬೋರ್ಡ್ ಕೆಲಸ ನಿಲ್ಲಿಸುತ್ತದೆ.

ಲಿನಕ್ಸ್‌ನಲ್ಲಿ ಯುಎಸ್‌ಬಿ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟಾಗ 0483:3748 ಎಂಬ ಸಾಲು ಕಂಡರೆ ಎಸ್‌ಟಿ-ಲಿಂಕ್ ವಿ2 ಕಂಪ್ಯೂಟರಿಗೆ ಸಿಕ್ಕಿದೆ. ಕಂಡರೂ ತೆರೆಯುತ್ತಿಲ್ಲ, ಸುಡೊ (ಅಡ್ಮಿನ್ ಅಧಿಕಾರ) ಹಾಕಿದರೆ ಮಾತ್ರ ಓಡುತ್ತದೆ ಎಂದರೆ ಅದು ಪರ್ಮಿಶನ್ ವಿಷಯ. ಓಪನ್‌ಒಸಿಡಿ ಜೊತೆಗೇ ಯಾವ ಸಾಧನವನ್ನು ಯಾರು ತೆರೆಯಬಹುದು ಎಂದು ಹೇಳುವ ಒಂದು ಯುಡೆವ್ ರೂಲ್ಸ್ ಫೈಲ್ ಬರುತ್ತದೆ. ಅದನ್ನು ಯುಡೆವ್ ಫೋಲ್ಡರಿಗೆ ಹಾಕಿ, ರೂಲ್ಸ್ ರೀಲೋಡ್ ಮಾಡಿ, ಡಿಬಗ್ಗರನ್ನು ಕಿತ್ತು ಮತ್ತೆ ಚುಚ್ಚಿ. ಕಿತ್ತು ಚುಚ್ಚುವುದನ್ನು ಬಿಟ್ಟು ‘ರೂಲ್ಸ್ ಹಾಕಿದೆ, ಆದ್ರೂ ಆಗ್ಲಿಲ್ಲ’ ಎನ್ನುವವರು ಬಹಳ.

ನಿನ್ನೆ ಓಡುತ್ತಿತ್ತು, ಇವತ್ತು ಇಲ್ಲ, ಏನೂ ಬದಲಿಸಿಲ್ಲ ಎಂದಾದರೆ ಇನ್ನೊಂದು ಪ್ರೋಗ್ರಾಮ್ ಡಿಬಗ್ಗರನ್ನು ಹಿಡಿದುಕೊಂಡಿದೆಯೇ ನೋಡಿ. ಕೋಡ್ ಬರೆಯುವ ಕ್ಯೂಬ್‌ಐಡಿಇಯಲ್ಲಿ ಡಿಬಗ್ ಸೆಶನ್ ತೆರೆದಿಟ್ಟು ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ ಕನೆಕ್ಟ್ ಒತ್ತಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಕಿಟಕಿ ಮುಚ್ಚಿದ ಮೇಲೂ ಡಿಬಗ್ಗರ್ ಜೊತೆ ಮಾತಾಡುವ ಜಿಡಿಬಿ ಸರ್ವರ್ ಎಂಬ ಪ್ರೋಗ್ರಾಮ್ ಹಿಂದುಗಡೆ ಉಳಿದಿರಬಹುದು, ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿ ಮುಚ್ಚಿ.

ಬೋರ್ಡ್ ಬದಿಗೆ ಹೋಗುವ ಮೊದಲು ಒಂದು ವಿಷಯವನ್ನು ಒತ್ತಿ ಹೇಳಬೇಕು, ಇದು ಜೀವದ ಪ್ರಶ್ನೆ. ಪಂಪ್ ಸ್ಟಾರ್ಟರಿನ ಜೊತೆಗಿರುವ ಅಗ್ಗದ ಟೈಮರ್ ಬೋರ್ಡುಗಳಲ್ಲಿ ಎಷ್ಟೋ ಸಲ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ದೊಡ್ಡ ಕೆಪಾಸಿಟರ್ ಮೂಲಕ 230 ವೋಲ್ಟನ್ನೇ ಇಳಿಸಿಕೊಂಡಿರುತ್ತಾರೆ. ಅಂಥ ಬೋರ್ಡಿನ ಗ್ರೌಂಡ್ ಪಿನ್ ಹೆಸರಿಗೆ ಮಾತ್ರ ಗ್ರೌಂಡ್. ಅದು ನೇರವಾಗಿ ಮೇನ್ಸ್ ವೈರಿಗೆ ಸೇರಿರುತ್ತದೆ. ಅದಕ್ಕೆ ಡಿಬಗ್ಗರ್ ಸಿಕ್ಕಿಸಿದರೆ ಡಿಬಗ್ಗರ್, ಲ್ಯಾಪ್‌ಟಾಪ್ ಎರಡೂ ಸುಡಬಹುದು, ಲ್ಯಾಪ್‌ಟಾಪ್ ಮುಟ್ಟಿದ ನಿಮಗೂ ಹೊಡೆಯಬಹುದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಸಾಕು ಎನ್ನುವುದು ಸುಳ್ಳು ಧೈರ್ಯ. ಆಗಲೂ ಲ್ಯಾಪ್‌ಟಾಪಿನ ಲೋಹದ ಭಾಗ ಮೇನ್ಸ್‌ಗೆ ಸೇರಿಯೇ ಇರುತ್ತದೆ.

ಹಾಗಾಗಿ ಪಂಪ್‌ಹೌಸಿನಲ್ಲಿ ಕೂತು ಪ್ರೋಗ್ರಾಮ್ ಹಾಕಬೇಡಿ. ಮೇನ್ಸ್ ಪೂರ್ತಿ ಬಿಡಿಸಿ, ಬೋರ್ಡ್ ಬಿಚ್ಚಿ ಮೇಜಿಗೆ ತನ್ನಿ, ಕೆಪಾಸಿಟರ್ ಖಾಲಿಯಾಗಿದೆಯೇ ಮೀಟರಿನಲ್ಲಿ ನೋಡಿ, ಡಿಬಗ್ಗರಿನ 3.3 ವೋಲ್ಟಿನಿಂದಲೇ ಚಿಪ್ಪಿಗೆ ಪವರ್ ಕೊಡಿ. ಪಂಪ್ ಆನ್-ಆಫ್ ಮಾಡುವ ರಿಲೇ ಎಳೆಯುವುದಿಲ್ಲ, ಪರವಾಗಿಲ್ಲ, ಪ್ರೋಗ್ರಾಮ್ ಹಾಕುವುದಕ್ಕೆ ರಿಲೇ ಬೇಡ. ಬೋರ್ಡ್ ಓಡುತ್ತಿರುವಾಗಲೇ ಡಿಬಗ್ ಮಾಡಬೇಕೆಂದಿದ್ದರೆ ಬೋರ್ಡಿಗೆ ಮೇನ್ಸ್ ಜೊತೆ ನೇರ ಸಂಪರ್ಕ ತಪ್ಪಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಲ್ಯಾಪ್‌ಟಾಪ್ ಕಡೆ ಯುಎಸ್‌ಬಿ ಐಸೊಲೇಟರ್ ಹಾಕಿ. ಎಡಿಯುಎಂ4160 ಚಿಪ್ಪಿನ ಐಸೊಲೇಟರ್ ಸೆಕೆಂಡಿಗೆ 12 ಮೆಗಾಬಿಟ್‌ವರೆಗೆ ಓಡುತ್ತದೆ, ಎಸ್‌ಟಿ-ಲಿಂಕ್ ವಿ2ಗೆ ಅಷ್ಟು ಸಾಕು. ಚಿಪ್ಪಿನ ತಾಳಿಕೆ 5000 ವೋಲ್ಟ್ ಅಂತ ಇದ್ದರೂ ಅದನ್ನು ಕೂರಿಸಿದ ಅಗ್ಗದ ಬೋರ್ಡಿನಲ್ಲಿ ಟ್ರ್ಯಾಕುಗಳು ಹತ್ತಿರ ಹತ್ತಿರ ಇದ್ದರೆ ಅಷ್ಟು ತಾಳುವುದಿಲ್ಲ. ಅದೊಂದನ್ನೇ ನಂಬಿ ನಾನು ಮೇನ್ಸ್ ಬೋರ್ಡ್ ಮುಟ್ಟುವುದಿಲ್ಲ.

ಈಗ ಬೋರ್ಡ್ ಬದಿ. ಮೊದಲು ವೈರುಗಳು. ಬೇಕಾದದ್ದು ಗ್ರೌಂಡ್, ಎಸ್‌ಡಬ್ಲ್ಯೂಡಿಐಓ ಎಂಬ ಡೇಟಾ, ಎಸ್‌ಡಬ್ಲ್ಯೂಸಿಎಲ್‌ಕೆ ಎಂಬ ಕ್ಲಾಕ್, ಜೊತೆಗೆ ಪವರ್. ಬೋರ್ಡಿಗೆ ಬೇರೆ ಕಡೆಯಿಂದ ಪವರ್ ಇದ್ದರೂ ಗ್ರೌಂಡ್ ವೈರ್ ಹಾಕಲೇಬೇಕು. ಅಲ್ಯೂಮಿನಿಯಂ ಕವರಿನ ಮೇಲೆ ಅಚ್ಚಾಗಿರುವ ಪಿನ್ ಹೆಸರುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದೇ ತರ ಕಾಣುವ ಎರಡು ಡಿಬಗ್ಗರ್‌ಗಳಲ್ಲಿ ಪಿನ್ ಜಾಗ ಬೇರೆ ಬೇರೆ ಇರುತ್ತದೆ, ಕೆಲವದರಲ್ಲಿ ಕವರಿನ ಮೇಲೊಂದು, ಒಳಗೊಂದು. ಕವರನ್ನು ಮೆಲ್ಲಗೆ ಜಾರಿಸಿದರೆ ಬರುತ್ತದೆ; ಒಳಗಿನ ಹಲಗೆಯ ಮೇಲೆ ಬರೆದದ್ದನ್ನು ನೋಡಿ, 3.3 ವೋಲ್ಟ್ ಎಂದಿರುವ ಪಿನ್ನಿನಲ್ಲಿ ನಿಜವಾಗಿ 3.3 ಇದೆಯೇ ಮೀಟರಿನಲ್ಲಿ ಅಳೆಯಿರಿ. ಪಕ್ಕದಲ್ಲೇ 5 ವೋಲ್ಟ್ ಪಿನ್ ಇರುತ್ತದೆ, ಅದನ್ನು 3.3 ಲೈನಿಗೆ ಕೊಟ್ಟರೆ ಚಿಪ್ ಹೋಗುತ್ತದೆ.

ಸಾಫ್ಟ್‌ವೇರ್ ತೋರಿಸುವ ‘ಟಾರ್ಗೆಟ್ ವೋಲ್ಟೇಜ್’ ನೋಡಿ ಬೋರ್ಡಿಗೆ ಪವರ್ ಇದೆ ಅಂದುಕೊಳ್ಳುವುದೂ ತಪ್ಪು. ದೊಡ್ಡ ಒರಿಜಿನಲ್ ಎಸ್‌ಟಿ-ಲಿಂಕ್ ವಿ2 ನಿಮ್ಮ ಬೋರ್ಡಿನ ವೋಲ್ಟೇಜ್ ಅಳೆಯುತ್ತದೆ, ತಾನು ಪವರ್ ಕೊಡುವುದಿಲ್ಲ. ಅಗ್ಗದ್ದು ಸಾಮಾನ್ಯವಾಗಿ ತನ್ನದೇ 3.3 ವೋಲ್ಟನ್ನು ಅಳೆದು ತೋರಿಸುತ್ತದೆ, ಏನೂ ಸಿಕ್ಕಿಸದಿದ್ದರೂ ಸಂಖ್ಯೆ ಬರುತ್ತದೆ. ಚಿಪ್ಪಿನ ಕಾಲಿನ ಹತ್ತಿರವೇ ಮೀಟರ್ ಇಟ್ಟು ನೋಡಿ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೆ ಪಿನ್ನುಗಳು ಕಪ್ಪಾಗುತ್ತವೆ, ಜಂಪರ್ ವೈರಿನ ಒಳಗಿನ ಹಿಡಿ ಸಡಿಲವಾಗುತ್ತದೆ. ವೈರನ್ನು ಅಲ್ಲಾಡಿಸಿದಾಗ ಒಮ್ಮೆ ಕನೆಕ್ಟ್ ಆಗಿ ಮತ್ತೆ ಹೋಗುತ್ತದೆ ಎಂದರೆ ಬಹುಮಟ್ಟಿಗೆ ಇದೇ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪಿನ್ ಒರೆಸಿ, ವೈರ್ ಹೊಸದು ಹಾಕಿ, ಉದ್ದ ಒಂದು ಗೇಣಿಗಿಂತ ಹೆಚ್ಚು ಬೇಡ. ಅದೂ ಸಾಲದಿದ್ದರೆ ಸಾಫ್ಟ್‌ವೇರಿನಲ್ಲಿ ಕ್ಲಾಕಿನ ವೇಗ ಇಳಿಸಿ: 4000 ಕಿಲೊಹರ್ಟ್ಸ್ ಇದ್ದಲ್ಲಿ 480 ಮಾಡಿ, ಆಗಲಿಲ್ಲವಾದರೆ 125. ನಿಧಾನದಲ್ಲಿ ಸಿಕ್ಕಿತೆಂದರೆ ಚಿಪ್ ಚೆನ್ನಾಗಿದೆ, ವೈರ್ ಕೆಟ್ಟದ್ದು.

ವೈರ್ ಸರಿ, ಪವರ್ ಸರಿ, ಆದರೂ ಚಿಪ್ ಸಿಗುವುದಿಲ್ಲ. ಪ್ರಾಜೆಕ್ಟ್ ಸಮಯದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಹೊತ್ತು ತರುವ ತೊಂದರೆ ಸಾಮಾನ್ಯವಾಗಿ ಇದು. ಮಾತೂ ಒಂದೇ ತರ: “ಅಕ್ಕಾ, ಒಂದ್ ಸಲ ಪ್ರೋಗ್ರಾಮ್ ಹೋಯ್ತು, ಎಲ್‌ಇಡಿನೂ ಮಿಣುಕ್ತಿದೆ, ಆದ್ರೆ ಎರಡನೇ ಸಲ ಹೋಗ್ತಾನೇ ಇಲ್ಲ.”

“ಕ್ಯೂಬ್‌ಎಂಎಕ್ಸ್‌ನಲ್ಲಿ ಡಿಬಗ್ ಅಂತ ಇರೋ ಕಡೆ ಸೀರಿಯಲ್ ವೈರ್ ಆರಿಸಿದ್ಯೇನೋ?”

“ಇಲ್ಲಕ್ಕಾ, ಅದು ಹಾಗೇ ಇತ್ತು, ಬಿಟ್ಟೆ.”

ಅಲ್ಲೇ ಇರುವುದು ವಿಷಯ. ಕ್ಯೂಬ್‌ಎಂಎಕ್ಸ್ ಅಂದರೆ ಪಿನ್ನುಗಳನ್ನು ಆರಿಸಿದರೆ ಶುರುವಿನ ಕೋಡನ್ನು ತಾನೇ ಬರೆದುಕೊಡುವ ಸಾಫ್ಟ್‌ವೇರ್. ಎಫ್103ಯಲ್ಲಿ ಡೇಟಾ ಮತ್ತು ಕ್ಲಾಕ್ ಪಿಎ13, ಪಿಎ14 ಪಿನ್ನುಗಳ ಮೇಲೆ ಬರುತ್ತವೆ. ಡಿಬಗ್ ಅಂತ ಇರುವ ಕಡೆ ‘ನೋ ಡಿಬಗ್’ ಎಂದು ಬಿಟ್ಟರೆ ಕ್ಯೂಬ್‌ಎಂಎಕ್ಸ್ ಬರೆಯುವ ಕೋಡ್ ಶುರುವಾದ ಕೂಡಲೇ ಡಿಬಗ್ ಬಾಗಿಲನ್ನು ಮುಚ್ಚುತ್ತದೆ. ಮೊದಲ ಸಲ ಚಿಪ್ ಖಾಲಿ ಇತ್ತು, ಅದಕ್ಕೆ ಹೋಯಿತು. ಈಗ ನಿಮ್ಮ ಕೋಡೇ ಒಳಗಿಂದ ಚಿಲಕ ಹಾಕಿಕೊಂಡಿದೆ. ಚಿಪ್ ಕೆಟ್ಟಿಲ್ಲ.

ಬಿಡಿಸುವುದು ಹೀಗೆ. ಬ್ಲೂ ಪಿಲ್ ಮೇಲೆ ಎರಡು ಹಳದಿ ಜಂಪರ್ ಇವೆ. ಬೂಟ್1 ಅನ್ನು 0ಯಲ್ಲೇ ಇಟ್ಟು, ಬೂಟ್0 ಜಂಪರನ್ನು ಕಿತ್ತು 1ರ ಕಡೆ ಹಾಕಿ. ರಿಸೆಟ್ ಬಟನ್ ಒತ್ತಿ ಬಿಡಿ. ಈಗ ಚಿಪ್ ನಿಮ್ಮ ಕೋಡ್ ಓಡಿಸದೆ, ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ಬೂಟ್‌ಲೋಡರನ್ನು ಓಡಿಸುತ್ತದೆ, ಅದು ಡಿಬಗ್ ಪಿನ್ನುಗಳನ್ನು ಮುಟ್ಟುವುದಿಲ್ಲ. ಕನೆಕ್ಟ್ ಒತ್ತಿ, ಸಿಗುತ್ತದೆ. ಫುಲ್ ಚಿಪ್ ಇರೇಸ್ ಮಾಡಿ, ಬೂಟ್0 ಜಂಪರನ್ನು ಮರಳಿ 0ಗೆ ಹಾಕಿ, ಮತ್ತೆ ರಿಸೆಟ್ ಕೊಡಿ. ಆಮೇಲೆ ಕ್ಯೂಬ್‌ಎಂಎಕ್ಸ್‌ನಲ್ಲಿ ಸೀರಿಯಲ್ ವೈರ್ ಆರಿಸಿ ಕೋಡನ್ನು ಮತ್ತೆ ಮಾಡಿಸಿ. ಇದನ್ನು ಬಿಟ್ಟು ಹಳೆಯ ಕೋಡನ್ನೇ ಹಾಕಿದರೆ ಅದೇ ಕಥೆ.

ಜಂಪರ್ ಇಲ್ಲದ ಬೋರ್ಡ್ ಆದರೆ ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ ಮೋಡ್ ‘ಅಂಡರ್ ರಿಸೆಟ್’ ಮಾಡಿ, ರಿಸೆಟ್ ವೈರನ್ನೂ ಹಾಕಿ. ಆದರೆ ಅಗ್ಗದ ಡಿಬಗ್ಗರುಗಳಲ್ಲಿ ರಿಸೆಟ್ ಎಂದು ಬರೆದ ಪಿನ್ ಎಷ್ಟೋ ಸಲ ಎಸ್‌ಟಿಎಂ8 ಎಂಬ ಬೇರೆ ಜಾತಿಯ ಚಿಪ್ಪಿಗಷ್ಟೇ ಕೆಲಸ ಮಾಡುತ್ತದೆ. ಅದಿದ್ದರೆ ಕೈಯಲ್ಲೇ ಮಾಡಬೇಕು: ಬೋರ್ಡಿನ ರಿಸೆಟ್ ಬಟನ್ ಒತ್ತಿ ಹಿಡಿದುಕೊಂಡು ಕನೆಕ್ಟ್ ಕ್ಲಿಕ್ ಮಾಡಿ, ಕ್ಲಿಕ್ ಮಾಡಿದ ಬೆನ್ನಿಗೇ ಬಟನ್ ಬಿಡಿ. ಒಂದೆರಡು ಸಲ ತಪ್ಪುತ್ತದೆ, ಆಮೇಲೆ ಕೈಗೆ ಹದ ಸಿಗುತ್ತದೆ. ಬ್ಯಾಟರಿ ಉಳಿಸಲು ಸ್ಟಾಪ್ ಅಥವಾ ಸ್ಟ್ಯಾಂಡ್‌ಬೈ ನಿದ್ದೆಗೆ ಹೋಗುವ ತೇವದ ಬೋರ್ಡುಗಳಿಗೂ ಇದೇ ಮದ್ದು, ಏಕೆಂದರೆ ನಿದ್ದೆಯಲ್ಲಿ ಡಿಬಗ್ ಭಾಗದ ಕ್ಲಾಕ್ ನಿಂತಿರುತ್ತದೆ.

ಓಪನ್‌ಒಸಿಡಿ ‘ಅನ್‌ಎಕ್ಸ್‌ಪೆಕ್ಟೆಡ್ ಐಡಿಕೋಡ್’, ಅಂದರೆ ಚಿಪ್ಪಿನ ಗುರುತಿನ ನಂಬರ್ ಬೇರೆ ಇದೆ, ಎಂದು ಹೇಳಿ ನಿಂತರೆ ಅಲ್ಲಿ ಕೊಟ್ಟ ನಂಬರಿನ ಮೊದಲ ಅಂಕೆ ನೋಡಿ. 1 ಇರಬೇಕಾದ ಕಡೆ 2 ಇದ್ದರೆ ನಿಮ್ಮ ಬ್ಲೂ ಪಿಲ್ ಮೇಲಿರುವುದು ಒರಿಜಿನಲ್ ಚಿಪ್ ಅಲ್ಲ, ಅದರ ತದ್ರೂಪು. ವೈರಿಂಗ್ ಸರಿಯಾಗಿದೆ, ಚಿಪ್ ಉತ್ತರ ಕೊಟ್ಟಿದೆ. ಓಪನ್‌ಒಸಿಡಿಯ ಕಾನ್ಫಿಗ್ ಫೈಲಿನಲ್ಲಿ ಸಿಪಿಯುಟ್ಯಾಪ್‌ಐಡಿ ಬೆಲೆಯನ್ನು 0 ಮಾಡಿದರೆ ಮುಂದಕ್ಕೆ ಹೋಗುತ್ತದೆ. ಗಿರಾಕಿಗೆ ಕೊಡುವ ಬೋರ್ಡ್ ಆದರೆ ಅಂಥ ಚಿಪ್ ನಾನು ಹಾಕುವುದಿಲ್ಲ, ಕಲಿಯುವುದಕ್ಕೆ ಅಡ್ಡಿಯಿಲ್ಲ.

ಚಿಪ್ ಸಿಕ್ಕಿ, ಪ್ರೋಗ್ರಾಮ್ ಇರುವ ಫ್ಲ್ಯಾಶ್ ಮೆಮೊರಿಯನ್ನು ಮಾತ್ರ ಓದಲು ಬಿಡುತ್ತಿಲ್ಲ ಎಂದರೆ ಬೋರ್ಡ್ ಮಾಡಿದವರು ರೀಡ್‌ಔಟ್ ಪ್ರೊಟೆಕ್ಷನ್ ಎಂಬ ಬೀಗ ಹಾಕಿದ್ದಾರೆ. ಅದನ್ನು ತೆಗೆದ ಕ್ಷಣವೇ ಒಳಗಿನ ಪ್ರೋಗ್ರಾಮ್ ಪೂರ್ತಿ ಅಳಿಯುತ್ತದೆ, ಮರಳಿ ಬರುವುದಿಲ್ಲ. ಬೋರ್ಡ್ ಬೇರೆಯವರದ್ದಾದರೆ, ಪ್ರೋಗ್ರಾಮಿನ ಕಾಪಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ತೋಟದವರನ್ನು ಕೇಳಿ.

ಇಷ್ಟಾದರೂ ಸಿಗದಿದ್ದರೆ ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಬೋರ್ಡಿಗೆ ಅದೇ ಡಿಬಗ್ಗರ್, ಅದೇ ವೈರ್ ಹಾಕಿ ನೋಡಿ. ಇದಕ್ಕಂತಲೇ ಒಂದು ಖಾಲಿ ಬ್ಲೂ ಪಿಲ್ ಅನ್ನು ಡಬ್ಬಿಯಲ್ಲಿ ತೆಗೆದಿಡಿ, ಅದಕ್ಕೆ ಬೇರೆ ಕೆಲಸ ಕೊಡಬೇಡಿ. ಅದಕ್ಕೂ ಸಿಗದೆ, ವೈರ್ ಬದಲಿಸಿದರೂ ಸಿಗದಿದ್ದರೆ ಮಾತ್ರ ಹೊಸ ಡಿಬಗ್ಗರಿಗೆ ದುಡ್ಡು ಹಾಕಿ. ಯಾರನ್ನಾದರೂ ಕೇಳುವುದಾದರೆ ಎರರ್‌ನ ಪೂರ್ತಿ ಸಾಲು, ಪಿನ್ನುಗಳ ಹೆಸರು ಕಾಣುವ ಹಾಗೆ ಎರಡೂ ತುದಿಯ ಫೋಟೊ, ಚಿಪ್ಪಿನ ಹತ್ತಿರ ಅಳೆದ ವೋಲ್ಟೇಜ್, ಈ ಮೂರನ್ನೂ ಒಟ್ಟಿಗೆ ಕಳಿಸಿ.