ಹತ್ತು ಗಂಟೆಗೆ ಮುಂಚಿನ ರೈಲು: ಉತ್ತರ ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಲಂಡನ್ನಿನಲ್ಲೇ ಇದ್ದು ಲಂಡನ್ನಿನಲ್ಲೇ ಓಡಾಡುವವರಿಗೆ ಈ ಬರಹ ಅಷ್ಟಾಗಿ ಬೇಕಿಲ್ಲ. ಅಲ್ಲಿ ಬ್ಯಾಂಕ್ ಕಾರ್ಡು ಮುಟ್ಟಿಸಿ ಒಳಗೆ ಹೋಗಿ, ಮುಟ್ಟಿಸಿ ಹೊರಗೆ ಬಂದರೆ ಮುಗಿಯಿತು. ನಾನು ಹೇಳುತ್ತಿರುವುದು ಲೀಡ್ಸ್, ಹಡರ್ಸ್‌ಫೀಲ್ಡ್, ಬ್ರಾಡ್‌ಫರ್ಡ್, ಶೆಫೀಲ್ಡ್, ಮ್ಯಾಂಚೆಸ್ಟರ್ ಕಡೆ ಓದಲೋ ಕೆಲಸಕ್ಕೋ ಬಂದವರಿಗೆ. ಪ್ರತಿ ಸೆಪ್ಟೆಂಬರಿನಲ್ಲೂ ಹೊಸ ಹುಡುಗರು ಬರುತ್ತಾರೆ. ಅಕ್ಟೋಬರ್ ಮುಗಿಯುವುದರೊಳಗೆ ನಮ್ಮ ಊರಿನ ಕನ್ನಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಪ್ರಶ್ನೆ: "ಅಣ್ಣಾ, ರೈಲಿನವರಿಂದ ಕಾಗದ ಬಂದಿದೆ, ಏನು ಮಾಡಲಿ?" ಬೆಳಿಗ್ಗೆ ಹತ್ತಕ್ಕೆ ಮುಂಚಿನ ರೈಲಿಗೆ ರಿಯಾಯಿತಿ ಟಿಕೆಟಿನಲ್ಲಿ ಹತ್ತಿ ಸಿಕ್ಕಿಬಿದ್ದವರಿಗೆ ಬರುವ ಕಾಗದ ಅದು.

ಆ್ಯಪ್ ಹಾಕಿಕೊಳ್ಳುವುದು ಹೇಗೆ, ಬಾರ್‌ಕೋಡ್ ತೋರಿಸುವುದು ಹೇಗೆ ಅಂತ ಹೇಳಿ ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ಒಂದೇ ಮಾತು: ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಕೆಲವು ಬುಕಿಂಗ್ ಶುಲ್ಕ ಹಿಡಿಯುತ್ತವೆ. ರೈಲು ಕಂಪನಿಗಳ ಸ್ವಂತ ಆ್ಯಪ್‌ನಲ್ಲಿ ಅದೇ ಟಿಕೆಟ್ ಶುಲ್ಕವಿಲ್ಲದೆ ಸಿಗುತ್ತದೆ, ಬೇರೆ ಕಂಪನಿಯ ರೈಲಿನದ್ದಾದರೂ ಸರಿ.

ಊರಿನಲ್ಲಿ, ಅಂದರೆ ಭಾರತದಲ್ಲಿ, ಎಷ್ಟು ದೂರ, ಯಾವ ಕ್ಲಾಸು ಎನ್ನುವುದು ಗೊತ್ತಾದರೆ ಟಿಕೆಟ್ ದರ ಹೆಚ್ಚುಕಡಿಮೆ ಗೊತ್ತಾದ ಹಾಗೆ. ಇಲ್ಲಿ ಹಾಗಲ್ಲ. ಟಿಕೆಟ್ ಜೊತೆಗೆ ನಾಲ್ಕು ಷರತ್ತು ಅಂಟಿಕೊಂಡಿರುತ್ತವೆ: ಯಾವ ಹೊತ್ತು, ಯಾವ ರೈಲು, ಯಾವ ದಾರಿ, ಯಾವ ಕಂಪನಿ. ಅಡ್ವಾನ್ಸ್ ಟಿಕೆಟ್ ಅಂದರೆ ಆ ಒಂದು ರೈಲಿಗೆ ಮಾತ್ರ. ನಡುವೆ ಇಳಿದು ಕಾಫಿ ಕುಡಿದು ಮುಂದಿನದ್ದು ಹತ್ತುವ ಹಾಗಿಲ್ಲ. ಆಫ್-ಪೀಕ್ (ಗದ್ದಲವಿಲ್ಲದ ಹೊತ್ತಿನ ಅಗ್ಗದ ಟಿಕೆಟ್) ಅಂದರೆ ಬರೀ ಬೆಳಗಿನ ನೂಕುನುಗ್ಗಲು ಬಿಟ್ಟರೆ ಸಾಕು ಅಂದುಕೊಳ್ಳಬೇಡಿ, ಉತ್ತರದ ಹಲವು ಲೈನುಗಳಲ್ಲಿ ಸಂಜೆ ನಾಲ್ಕರಿಂದ ಆರೂವರೆವರೆಗೂ ಅದು ನಡೆಯುವುದಿಲ್ಲ. ಟಿಕೆಟ್ ಮೇಲೆ 'ನಾರ್ದರ್ನ್ ಓನ್ಲಿ' (ನಾರ್ದರ್ನ್ ಕಂಪನಿಯ ರೈಲಿಗೆ ಮಾತ್ರ) ಎಂದಿದ್ದರೆ, ಅದೇ ಊರಿಗೆ ಹೋಗುವ ಟ್ರಾನ್ಸ್‌ಪೆನೈನ್ ಕಂಪನಿಯ ರೈಲು ಕಣ್ಣೆದುರೇ ಬಂದು ನಿಂತರೂ ಹತ್ತುವಂತಿಲ್ಲ. ತಮಾಷೆ ಏನೆಂದರೆ ಎರಡೂ ಈಗ ಸರ್ಕಾರದ ಕೈಯಲ್ಲೇ ಇವೆ. ನಾರ್ದರ್ನ್ 2020ರಲ್ಲಿ, ಟ್ರಾನ್ಸ್‌ಪೆನೈನ್ 2023ರಲ್ಲಿ ಸರ್ಕಾರದ ಪಾಲಾದವು. ಒಂದೇ ಮನೆಯ ಎರಡು ರೈಲು, ಆದರೂ ಟಿಕೆಟ್ ಬೇರೆ!

ಈಗ ಮುಖ್ಯ ವಿಷಯಕ್ಕೆ ಬರೋಣ: ರೈಲ್‌ಕಾರ್ಡ್.

16-25 ರೈಲ್‌ಕಾರ್ಡ್ ಎಲ್ಲ ವಿದ್ಯಾರ್ಥಿಗಳೂ ತಗೊಳ್ಳುತ್ತಾರೆ, ತಗೊಳ್ಳಲೇಬೇಕು. ವರ್ಷಕ್ಕೆ 35 ಪೌಂಡ್, ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಡಿತ. ವಯಸ್ಸು 25 ದಾಟಿದ್ದರೂ ಪೂರ್ಣಾವಧಿ ಓದುತ್ತಿದ್ದರೆ ಸಿಗುತ್ತದೆ. ನಾಲ್ಕೈದು ಸಲ ಓಡಾಡಿದರೆ ಕಾರ್ಡಿನ ದುಡ್ಡು ವಾಪಸ್ ಬಂದ ಹಾಗೆ. ಇಷ್ಟು ಎಲ್ಲರಿಗೂ ಗೊತ್ತು. ಯಾರೂ ಓದದ ಸಾಲು ಇದು: ಸೋಮವಾರದಿಂದ ಶುಕ್ರವಾರ, ಬೆಳಗಿನ ನಾಲ್ಕೂವರೆಯಿಂದ ಹತ್ತು ಗಂಟೆವರೆಗಿನ ಪ್ರಯಾಣಕ್ಕೆ 12 ಪೌಂಡಿನ ಕನಿಷ್ಠ ದರ ಇದೆ. ಅಂದರೆ ಆ ಹೊತ್ತಿನಲ್ಲಿ ಕಾರ್ಡಿನ ರಿಯಾಯಿತಿ ದರವನ್ನು 12ಕ್ಕಿಂತ ಕೆಳಗೆ ಇಳಿಸುವಂತಿಲ್ಲ.

ಲೆಕ್ಕ ಹಾಕಿ ನೋಡಿ. ಟಿಕೆಟ್ 30 ಪೌಂಡ್ ಇದ್ದರೆ ಕಾರ್ಡು ತೋರಿಸಿ 20 ಕೊಡಿ, ತಕರಾರಿಲ್ಲ. 15 ಪೌಂಡ್ ಇದ್ದರೆ 10 ಆಗಬೇಕಿತ್ತು, ಆದರೆ 12 ಕೊಡಬೇಕು. 9 ಪೌಂಡ್ ಇದ್ದರೆ ಆರಲ್ಲ, ಪೂರ್ತಿ ಒಂಬತ್ತು. ಲಂಡನ್ನಿಗೆ ಹೋಗುವ ದೊಡ್ಡ ಟಿಕೆಟಿಗೆ ಈ ನಿಯಮ ಹೇಗೂ ತಟ್ಟುವುದಿಲ್ಲ. ತಟ್ಟುವುದು ಪಕ್ಕದೂರಿನಿಂದ ಕ್ಲಾಸಿಗೆ ಹೋಗಿಬರುವವರಿಗೆ. ನಮ್ಮ ಕಡೆಯ ಟಿಕೆಟ್‌ಗಳು ಬಹುಪಾಲು 12ರೊಳಗೇ ಇರುತ್ತವೆ. ಹಾಗಾಗಿ ಬೆಳಗಿನ ಹೊತ್ತು ನಿಮ್ಮ ಕಾರ್ಡು ಜೇಬಿನಲ್ಲಿದ್ದೂ ಇಲ್ಲದ ಹಾಗೆ.

"ಆ್ಯಪ್‌ಗೆ ಗೊತ್ತಿರಲ್ವಾ?" ಅಂತ ಕೇಳುತ್ತೀರಿ. ಗೊತ್ತಿರುತ್ತದೆ, ನೀವು ಬೆಳಿಗ್ಗೆ 8.40ರ ರೈಲನ್ನೇ ಆರಿಸಿದರೆ. ಆದರೆ ಹಿಂದಿನ ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡು, ಹತ್ತೂಕಾಲರ ರೈಲು ಆರಿಸಿ 'ಎನಿಟೈಮ್ ಡೇ ಸಿಂಗಲ್' ಕೊಂಡಿರುತ್ತೀರಿ. ಒಂಬತ್ತು ಪೌಂಡಿನ ಟಿಕೆಟಿಗೆ ಆರು ಪೌಂಡ್ ಕಟ್ಟಿರುತ್ತೀರಿ. ಬೆಳಿಗ್ಗೆ ಬೇಗ ಎಚ್ಚರವಾಗುತ್ತದೆ, ಎನಿಟೈಮ್ ತಾನೇ ಅಂತ 8.40ಕ್ಕೇ ಹತ್ತುತ್ತೀರಿ. ಟಿಕೆಟ್ ಯಾವ ಹೊತ್ತಿಗೂ ನಡೆಯುತ್ತದೆ ನಿಜ. ರಿಯಾಯಿತಿ ನಡೆಯುವುದಿಲ್ಲ. ಇನ್ಸ್‌ಪೆಕ್ಟರ್ ಬಂದು ಬಾರ್‌ಕೋಡ್ ನೋಡುತ್ತಾರೆ, ಕಾರ್ಡು ತೋರಿಸಿ ಅನ್ನುತ್ತಾರೆ, ನೀವು ಖುಷಿಯಿಂದ ತೋರಿಸುತ್ತೀರಿ. ಅವರು ಗಡಿಯಾರ ನೋಡುತ್ತಾರೆ. ಅಲ್ಲಿಗೆ ಬೆಳಗು ಕೆಟ್ಟಿತು.

ಇನ್ನೊಂದು ವಿಚಿತ್ರ ಇದೆ. 16-25 ಕಾರ್ಡಿಗೆ ಜುಲೈ, ಆಗಸ್ಟ್ ತಿಂಗಳಲ್ಲಿ ಈ ಕನಿಷ್ಠ ದರ ಇಲ್ಲ. ದಾವಣಗೆರೆಯ ಹುಡುಗನೊಬ್ಬ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆಂದು ದಿನಾ ಬೆಳಿಗ್ಗೆ ಹೀಗೇ ರಿಯಾಯಿತಿ ಟಿಕೆಟಿನಲ್ಲಿ ಹೋಗಿಬಂದ. ಇನ್ಸ್‌ಪೆಕ್ಟರುಗಳು ನೋಡಿ, ಥ್ಯಾಂಕ್ಯೂ ಹೇಳಿ ಮುಂದೆ ಹೋದರು. ಸೆಪ್ಟೆಂಬರ್ ಮೊದಲ ವಾರ ಅದೇ ರೈಲು, ಅದೇ ಟಿಕೆಟ್, ಹೆಸರು ವಿಳಾಸ ಬರೆದುಕೊಂಡರು. ನಿಯಮ ಅವನ ಜೊತೆ ಕಣ್ಣಾಮುಚ್ಚಾಲೆ ಆಡಿದ ಹಾಗಾಯಿತು. ಪುಣ್ಯಕ್ಕೆ ಅವನು ಕೂಡಲೇ ಉತ್ತರ ಬರೆದ, ವ್ಯತ್ಯಾಸದ ದುಡ್ಡು ಮತ್ತು ಅದರ ಹಲವು ಪಟ್ಟು ಖರ್ಚು ಕಟ್ಟಿ ಕೋರ್ಟಿನ ಆಚೆಯೇ ಮುಗಿಸಿಕೊಂಡ.

ಸಿಕ್ಕಿಬಿದ್ದರೆ ಏನಾಗುತ್ತದೆ? ಇಲ್ಲಿ ಎರಡು ದಾರಿ ಇವೆ, ಎರಡರ ನಡುವೆ ಅಜಗಜಾಂತರ. ಒಂದು ಪೆನಾಲ್ಟಿ ಫೇರ್: ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ 100 ಪೌಂಡ್ ಜೊತೆಗೆ ಟಿಕೆಟ್ ದರ, 21 ದಿನದೊಳಗೆ ಕಟ್ಟಿದರೆ 50 ಪೌಂಡ್ ಜೊತೆಗೆ ಟಿಕೆಟ್ ದರ. ಹೊಟ್ಟೆ ಉರಿಯುತ್ತದೆ, ಆದರೆ ಇದು ದುಡ್ಡಿನ ವಿಷಯ ಮಾತ್ರ. ನಿಮ್ಮ ತಪ್ಪಿಲ್ಲ ಅನಿಸಿದರೆ ಮೇಲ್ಮನವಿ ಹಾಕಲೂ ದಾರಿ ಇದೆ. ಇನ್ನೊಂದು ಪ್ರಾಸಿಕ್ಯೂಷನ್, ಅಂದರೆ ಕೋರ್ಟಿನಲ್ಲಿ ಕೇಸು. ದುಡ್ಡು ತಪ್ಪಿಸುವ ಉದ್ದೇಶ ಇತ್ತು ಅಂತ ಅವರು ವಾದಿಸಿದರೆ 1889ರ ರೈಲ್ವೆ ಕಾಯ್ದೆ ಇದೆ. ಹೌದು, ಅಷ್ಟು ಹಳೆಯದು, ಇನ್ನೂ ಜೀವಂತ. ಉದ್ದೇಶವೇ ಇರಲಿಲ್ಲ ಅಂದರೂ ರೈಲ್ವೆ ಬೈಲಾ ಇದೆ. ಸರಿಯಾದ ಟಿಕೆಟ್ ಇರಲಿಲ್ಲ ಅನ್ನುವುದಷ್ಟೇ ಅದಕ್ಕೆ ಸಾಕು. ಎರಡೂ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತವೆ, ತೀರ್ಪು ವಿರುದ್ಧ ಬಂದರೆ ಅದು ಕ್ರಿಮಿನಲ್ ಶಿಕ್ಷೆ. ಇಲ್ಲಿಯವರಿಗೆ ಅದು ತಲೆನೋವು. ನಮಗೆ ಅಷ್ಟಕ್ಕೇ ನಿಲ್ಲುವುದಿಲ್ಲ, ಯಾಕೆಂದರೆ ವೀಸಾ, ಐಎಲ್‌ಆರ್ (ಕಾಯಂ ನೆಲೆಸುವ ಅನುಮತಿ), ಪೌರತ್ವ ಎಲ್ಲ ಅರ್ಜಿಯಲ್ಲೂ ಶಿಕ್ಷೆಯಾಗಿದೆಯೇ ಅಂತ ಕೇಳುತ್ತಾರೆ. ಮೂರು ಪೌಂಡ್ ಉಳಿಸಲು ಹೋಗಿ ಆ ಕಾಲಂನಲ್ಲಿ 'ಹೌದು' ಅಂತ ಬರೆಯುವ ಸ್ಥಿತಿ ಯಾರಿಗೂ ಬೇಡ.

ಇದು ನನ್ನೊಬ್ಬನ ಹೆದರಿಕೆ ಅಲ್ಲ. 2024ರಲ್ಲಿ ಇದೇ 16-25 ಕಾರ್ಡಿನ ವಿಷಯ ಬ್ರಿಟನ್ನಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಬರೀ 1.90 ಪೌಂಡಿನ ವ್ಯತ್ಯಾಸಕ್ಕೆ ಯುವಕನೊಬ್ಬನಿಗೆ ಕೋರ್ಟಿನ ಬೆದರಿಕೆ ಬಂದಿತ್ತು. ಗಲಾಟೆಯಾದ ಮೇಲೆ ನಾರ್ದರ್ನ್ ಆ ರೀತಿಯ ಪ್ರಕರಣಗಳನ್ನು ಕೈಬಿಟ್ಟಿತು, ಸರ್ಕಾರ ರೈಲ್ವೆ ನಿಯಂತ್ರಕರಿಂದ ವರದಿ ಕೇಳಿತು. ಅದೇ ವರ್ಷ ಆಗಸ್ಟಿನಲ್ಲಿ ಇನ್ನೊಂದು ದೊಡ್ಡ ತೀರ್ಪು ಬಂತು. ಒಬ್ಬರೇ ಮ್ಯಾಜಿಸ್ಟ್ರೇಟ್ ಕಾಗದ ನೋಡಿ ತೀರ್ಮಾನಿಸುವ ಸಿಂಗಲ್ ಜಸ್ಟಿಸ್ ಪದ್ಧತಿಯಲ್ಲಿ 1889ರ ಕಾಯ್ದೆಯ ಕೇಸು ನಡೆಸಲು ಅಧಿಕಾರವೇ ಇರಲಿಲ್ಲ ಅಂತ ಗೊತ್ತಾಗಿ, ಸುಮಾರು 74,000 ಪ್ರಕರಣಗಳು ಬಿದ್ದುಹೋಗುವ ಹಾಗಾಯಿತು. ಇಷ್ಟೆಲ್ಲ ಆದರೂ ಹತ್ತು ಗಂಟೆಯ ನಿಯಮ ಹೋಗಲಿಲ್ಲ. ನನ್ನ ಪ್ರಕಾರ ಇದು ಶುದ್ಧ ಮೂರ್ಖ ನಿಯಮ. ಕ್ಲಾಸು ಒಂಬತ್ತಕ್ಕೆ ಇಟ್ಟು, ವಿದ್ಯಾರ್ಥಿಗೆ ಹತ್ತರ ನಂತರ ರಿಯಾಯಿತಿ ಅಂದರೆ ಯಾರ ಉದ್ಧಾರಕ್ಕೆ? ಆದರೆ ನನ್ನ ಅಭಿಪ್ರಾಯ ತೋರಿಸಿದರೆ ಇನ್ಸ್‌ಪೆಕ್ಟರ್ ಬಿಡುವುದಿಲ್ಲ.

ಹಾಗಾಗಿ ಮೂರು ಮಾತು ನೆನಪಿಡಿ. ಹತ್ತುವ ರೈಲನ್ನೇ ಆ್ಯಪ್‌ನಲ್ಲಿ ಆರಿಸಿ ಟಿಕೆಟ್ ತಗೊಳ್ಳಿ. ಬೇರೆ ಹೊತ್ತಿನದ್ದು ಬೇಡ. ಸ್ಟೇಷನ್ನಿನಲ್ಲಿ ಟಿಕೆಟ್ ಮೆಷಿನ್ ಇದ್ದರೆ ಒಳಗೆ ಕೊಂಡರಾಯಿತು ಅಂತ ಸುಮ್ನೆ ಹತ್ತಬೇಡಿ, ಗೇಟು ಇಲ್ಲದ ಸಣ್ಣ ಸ್ಟೇಷನ್ನಿನಲ್ಲೂ ಇದೇ ನಿಯಮ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಹೆಸರು ವಿಳಾಸ ಕೊಟ್ಟ ಮೇಲೆ ಕಾಗದ ಬಂದೇ ಬರುತ್ತದೆ. ವಿದ್ಯಾರ್ಥಿಗಳು ಮನೆ ಬದಲಿಸುತ್ತಲೇ ಇರುತ್ತಾರೆ. ಕಾಗದ ಹಳೆಯ ಮನೆಯ ಬಾಗಿಲ ಹಿಂದೆ ಪಿಜ್ಜಾ ಜಾಹೀರಾತುಗಳ ಜೊತೆ ಬಿದ್ದಿರುತ್ತದೆ. ಕೋರ್ಟಿನ ನೋಟಿಸಿಗೆ ಉತ್ತರಿಸಲು 21 ದಿನ ಇರುತ್ತದೆ. ಉತ್ತರ ಬರದಿದ್ದರೆ ನೀವಿಲ್ಲದೆಯೇ ತೀರ್ಪು ಆಗುತ್ತದೆ. ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳಿಗೆ ವಿಷಯ ತಿಳಿದದ್ದು ದಂಡ ವಸೂಲಿಯವರು ಬರೆದಾಗ. ಹಳೆಯ ಮನೆಯ ಹೊಸ ಬಾಡಿಗೆದಾರರ ನಂಬರ್ ಇಟ್ಟುಕೊಳ್ಳಿ, ರಾಯಲ್ ಮೇಲ್‌ಗೆ ಹೇಳಿ ಕಾಗದಗಳನ್ನು ಹೊಸ ವಿಳಾಸಕ್ಕೆ ತರಿಸಿಕೊಳ್ಳಿ.

ಇಷ್ಟು ಬೈದ ಮೇಲೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ರೈಲು ತಡವಾದರೆ ಇಲ್ಲಿ ದುಡ್ಡು ವಾಪಸ್ ಕೊಡುತ್ತಾರೆ. ಡಿಲೇ ರಿಪೇ ಅಂತ ಹೆಸರು. ಹೆಚ್ಚಿನ ಕಂಪನಿಗಳಲ್ಲಿ 15 ನಿಮಿಷ ತಡವಾದರೆ ಟಿಕೆಟಿನ ಕಾಲು ಭಾಗ, ಅರ್ಧ ಗಂಟೆಗೆ ಅರ್ಧ, ಒಂದು ಗಂಟೆಗೆ ಪೂರ್ತಿ. 28 ದಿನದೊಳಗೆ ಅರ್ಜಿ ಹಾಕಬೇಕು. ಲೆಕ್ಕ ಹಾಕುವುದು ರೈಲು ಎಷ್ಟು ತಡ ಅಂತ ಅಲ್ಲ, ನೀವು ತಲುಪಬೇಕಾದ ಊರಿಗೆ ಎಷ್ಟು ತಡವಾಗಿ ತಲುಪಿದಿರಿ ಅಂತ. ಮೊದಲ ರೈಲು ಐದೇ ನಿಮಿಷ ತಡವಾಗಿ ಮುಂದಿನದ್ದು ತಪ್ಪಿ ಒಂದು ಗಂಟೆ ಕಾದರೆ, ಒಂದು ಗಂಟೆಯೇ ಲೆಕ್ಕ. ಊರಿನಲ್ಲಿ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾದರೆ ದುಡ್ಡು ಬರುತ್ತದೆ, ಆದರೆ ಪ್ರಯಾಣ ಬಿಟ್ಟರೆ ಮಾತ್ರ. ಈ ಒಂದು ವಿಷಯದಲ್ಲಿ ಬ್ರಿಟನ್ನಿಗೆ ನನ್ನ ಪೂರ್ತಿ ಓಟು. ನಮ್ಮವರು ಮಾತ್ರ "ನಾಲ್ಕು ಪೌಂಡಿಗೆ ಯಾರು ಫಾರ್ಮ್ ತುಂಬ್ತಾರೆ" ಅಂತ ಬಿಟ್ಟುಬಿಡುತ್ತಾರೆ.

ತಡ ಯಾಕಾಗುತ್ತದೆ ಅನ್ನುವುದಕ್ಕೆ ಮ್ಯಾಂಚೆಸ್ಟರ್ ಪಿಕಡಿಲಿಯ 13, 14ನೇ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತು ನೋಡಿ. ಮುಖ್ಯ ಸ್ಟೇಷನ್ನಿನಿಂದ ಅಷ್ಟು ದೂರ ನಡೆದು ಹೋದರೆ ಎರಡು ಹಳಿ, ಒಂದರ ಹಿಂದೆ ಒಂದು ರೈಲು. ಅವೆಲ್ಲ ಮುಂದೆ ಆಕ್ಸ್‌ಫರ್ಡ್ ರೋಡ್ ದಾಟಿ ಅದೇ ಇಕ್ಕಟ್ಟಿನ ದಾರಿಯಲ್ಲಿ ನುಸುಳಬೇಕು. 2017ರ ಡಿಸೆಂಬರಿನಲ್ಲಿ ಆರ್ಡ್‌ಸಾಲ್ ಕಾರ್ಡ್ ಎಂಬ ಹೊಸ ಕೊಂಡಿ ಕಟ್ಟಿ ಇನ್ನಷ್ಟು ರೈಲುಗಳಿಗೆ ದಾರಿ ಮಾಡಿದರು. ಜೊತೆಗೆ ಬರಬೇಕಿದ್ದ 15, 16ನೇ ಪ್ಲಾಟ್‌ಫಾರ್ಮ್ ಕಟ್ಟಲೇ ಇಲ್ಲ. 2018ರ ಮೇ ತಿಂಗಳ ಹೊಸ ವೇಳಾಪಟ್ಟಿ ಉತ್ತರದಲ್ಲಿ ಹೇಗೆ ಕುಸಿಯಿತು ಅಂತ ಇಲ್ಲಿಯ ಹಳಬರನ್ನು ಕೇಳಿ, ಅರ್ಧ ಗಂಟೆ ಮಾತಾಡುತ್ತಾರೆ. ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಈ ದಾರಿಯಲ್ಲಿ ಹೋಗುವವರು ವಿಮಾನಕ್ಕೆ ಸರಿಹೊಂದುವ ರೈಲಿಗಿಂತ ಎರಡು ರೈಲು ಮುಂಚಿನದ್ದು ಹಿಡಿಯಿರಿ.

ಸುಧಾರಣೆ ಆಗುತ್ತಿಲ್ಲ ಅಂತಲ್ಲ. ಮ್ಯಾಂಚೆಸ್ಟರ್, ಹಡರ್ಸ್‌ಫೀಲ್ಡ್, ಲೀಡ್ಸ್, ಯಾರ್ಕ್ ನಡುವಿನ ಸುಮಾರು 70 ಮೈಲಿ ದಾರಿಗೆ ಟ್ರಾನ್ಸ್‌ಪೆನೈನ್ ರೂಟ್ ಅಪ್‌ಗ್ರೇಡ್ ನಡೆಯುತ್ತಿದೆ. ಖರ್ಚು 11 ಬಿಲಿಯನ್ ಪೌಂಡಿನ ಆಸುಪಾಸು. ವಿದ್ಯುತ್ ತಂತಿ, ಹಡರ್ಸ್‌ಫೀಲ್ಡ್‌ನಿಂದ ಡ್ಯೂಸ್‌ಬರಿ ಕಡೆಗೆ ಎರಡು ಹಳಿ ಇದ್ದಲ್ಲಿ ನಾಲ್ಕು. 2025ರ ಸೆಪ್ಟೆಂಬರಿನಲ್ಲಿ ಹಡರ್ಸ್‌ಫೀಲ್ಡ್ ಸ್ಟೇಷನ್ನನ್ನೇ ಒಂದು ತಿಂಗಳು ಮುಚ್ಚಿದ್ದರು, ಹೊಸ ವಿದ್ಯಾರ್ಥಿಗಳು ಸೂಟ್‌ಕೇಸ್ ಎಳೆದುಕೊಂಡು ಬರುವ ತಿಂಗಳಲ್ಲೇ! ಈ ದಾರಿಗೆ ವಿದ್ಯುತ್ ಕೊಡುತ್ತೇವೆ ಅಂತ ಮೊದಲು ಹೇಳಿದ್ದು 2011ರಲ್ಲಿ. 2015ರಲ್ಲಿ ತಡೆದರು, ಅದೇ ವರ್ಷ ಮತ್ತೆ ಶುರು ಅಂದರು. ಪೂರ್ತಿ ಮುಗಿಯುವುದು 2030ರ ದಶಕದಲ್ಲಿ. ಭಾರತದ ಬ್ರಾಡ್‌ಗೇಜ್ ಹೆಚ್ಚುಕಡಿಮೆ ಪೂರ್ತಿ ವಿದ್ಯುತ್ತಿಗೆ ಬಂದಿದೆ. ರೈಲು ಹುಟ್ಟಿದ ಈ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಗೆ ತಂತಿಯೇ ಇಲ್ಲ. ಇದನ್ನು ಹೇಳಿದರೆ ಇಲ್ಲಿಯವರು ನಂಬುವುದಿಲ್ಲ. ಎಚ್‌ಎಸ್2 ಎಂಬ ಹೈಸ್ಪೀಡ್ ರೈಲು ಯೋಜನೆಯ ಬಗ್ಗೆಯಂತೂ ಆಸೆ ಬೇಡ. ಲೀಡ್ಸ್ ಕವಲನ್ನು 2021ರಲ್ಲಿ, ಮ್ಯಾಂಚೆಸ್ಟರ್ ಕವಲನ್ನು 2023ರಲ್ಲಿ ಕೈಬಿಟ್ಟರು. ಆ ಎರಡನೆಯದನ್ನು ಆಗಿನ ಪ್ರಧಾನಿ ರಿಷಿ ಸುನಾಕ್ ಘೋಷಿಸಿದ್ದು ಮ್ಯಾಂಚೆಸ್ಟರಿನಲ್ಲೇ ನಿಂತು. "ಇನ್ನು ಕೆಲವು ವರ್ಷಕ್ಕೆ ಫಾಸ್ಟ್ ಟ್ರೈನ್ ಬರುತ್ತೆ" ಅಂತ ಏಜೆಂಟ್ ಹೇಳಿದ ಅಂತ ದೂರದ ಊರಲ್ಲಿ ಮನೆ ಕೊಳ್ಳಬೇಡಿ. ಇವತ್ತಿನ ವೇಳಾಪಟ್ಟಿ ನೋಡಿ ಕೊಳ್ಳಿ.

ಕಂಪನಿಗಳೆಲ್ಲ ಒಂದೊಂದಾಗಿ ಸರ್ಕಾರಕ್ಕೆ ವಾಪಸ್ ಬರುತ್ತಿವೆ. 2024ರ ಹೊಸ ಕಾಯ್ದೆಯಡಿ ಮೊದಲು ಬಂದದ್ದು, 2025ರ ಮೇ ತಿಂಗಳಲ್ಲಿ, ಸೌತ್ ವೆಸ್ಟರ್ನ್ ರೈಲ್ವೆ. ಸುದ್ದಿ ಓದಿ, ತಮ್ಮೂರಿನ ನೈಋತ್ಯ ರೈಲ್ವೆಯೇ ಅಂದುಕೊಂಡು, ಹುಬ್ಬಳ್ಳಿಯ ಗೆಳೆಯನೊಬ್ಬ "ನಮ್ಮದು ಯಾವಾಗ ಖಾಸಗಿಯಾಗಿತ್ತೋ ಮಾರಾಯ" ಅಂತ ಗಾಬರಿಬಿದ್ದ. ಮುಂದೆ ಎಲ್ಲ ಸೇರಿ ಗ್ರೇಟ್ ಬ್ರಿಟಿಷ್ ರೈಲ್ವೇಸ್ ಆಗಲಿದೆ, ಮುಖ್ಯ ಕಚೇರಿ ಡಾರ್ಬಿಯಲ್ಲಿ. ಒಂದೇ ಸಂಸ್ಥೆ, ಒಂದೇ ಬಗೆಯ ಟಿಕೆಟ್ ಆದರೆ ನನಗಿಂತ ಖುಷಿಪಡುವವರಿಲ್ಲ. ಅಲ್ಲಿಯವರೆಗೆ ಟಿಕೆಟಿನ ಸಣ್ಣಕ್ಷರ ಓದುವುದೇ ದಾರಿ.

ಕೊನೆಗೆ ರಜೆಯ ವಿಷಯ. ಹಳಿ ರಿಪೇರಿ ಹೆಚ್ಚಾಗಿ ಶನಿವಾರ, ಭಾನುವಾರ, ಬ್ಯಾಂಕ್ ಹಾಲಿಡೇ ದಿನವೇ. ರೈಲಿನ ಬದಲು ಬಸ್ಸು ಬಿಡುತ್ತಾರೆ, ಅದು ಎರಡು ಪಟ್ಟು ಹೊತ್ತು ತಗೊಳ್ಳುತ್ತದೆ. ದೀಪಾವಳಿ, ರಾಜ್ಯೋತ್ಸವದ ಕಾರ್ಯಕ್ರಮ ಇಟ್ಟುಕೊಳ್ಳುವವರು ಹಾಲ್ ಬುಕ್ ಮಾಡುವ ಮೊದಲು ಆ ವಾರಾಂತ್ಯ ರೈಲಿದೆಯೇ ನೋಡಿ. ಡಿಸೆಂಬರ್ 25ಕ್ಕೆ ಮಾಮೂಲಿ ರೈಲುಗಳು ಓಡುವುದೇ ಇಲ್ಲ, 26ಕ್ಕೆ ಹೆಚ್ಚಿನ ಕಡೆ ಇಲ್ಲ. ವಿಮಾನದ ಟಿಕೆಟ್ ಅಗ್ಗ ಅಂತ ಕ್ರಿಸ್‌ಮಸ್ ದಿನವೇ ಊರಿಗೆ ಹೊರಡುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅವರು ಏರ್‌ಪೋರ್ಟಿನ ಕೋಚ್ ಬಸ್ಸಿನ ಸೀಟನ್ನು ನವೆಂಬರಿನಲ್ಲೇ ಹಿಡಿದಿಡಲಿ.