ಹಕ್ಕಿ ಫೋಟೊ ಎಡಿಟಿಂಗ್: ಫೀಸು ಕಟ್ಟುವ ಮೊದಲು ಮೇಷ್ಟ್ರನ್ನೇ ಪರೀಕ್ಷಿಸಿ

ಮೈಸೂರು, ಮಂಡ್ಯದಲ್ಲಿ ಫೋಟೊ ಎಡಿಟಿಂಗ್ ಕ್ಲಾಸಿಗೆ ಬರವಿಲ್ಲ. ಆದರೆ ಬಹುಪಾಲು ಕಡೆ ಕಲಿಸುವುದು ಮದುವೆ ಆಲ್ಬಂ ಕೆಲಸ: ಮುಖದ ಚರ್ಮ ನುಣುಪು ಮಾಡುವುದು, ಹಿನ್ನೆಲೆ ಬದಲಿಸುವುದು, ಆಲ್ಬಂನ ಕರಿಷ್ಮಾ ಹಾಳೆ ಜೋಡಿಸುವುದು. ಅದೇ ಕೈಚಳಕವನ್ನು ಬಣ್ಣದ ಕೊಕ್ಕರೆಯ ಮೇಲೆ ತೋರಿಸಿದರೆ ಗರಿ ಮಾಯವಾಗಿ ಮೇಣದ ಗೊಂಬೆ ಉಳಿಯುತ್ತದೆ. ಬೋರ್ಡಿನಲ್ಲಿ ‘ಅಡ್ವಾನ್ಸ್ಡ್’ ಎಂದಿರುವುದನ್ನು ನಂಬಿ ದುಡ್ಡು ಕಟ್ಟುವವರು ಎಡವುವುದು ಇಲ್ಲೇ.

ಮೊದಲು ನಿಮಗೆ ಬಾರದ್ದು ಯಾವುದು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಕ್ರಾಪ್ ಇಷ್ಟೇ ಆದರೆ ಕ್ಲಾಸೇ ಬೇಡ, ಯೂಟ್ಯೂಬ್ ಸಾಕು. ಇನ್ನೂ ಜೆಪೆಗ್‌ನಲ್ಲೇ ತೆಗೆಯುತ್ತಿದ್ದರೆ ಇವತ್ತೇ ‘ರಾ’ (RAW) ಫೈಲಿಗೆ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲಿಗೆ, ಬದಲಿಸಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ. 14 ಬಿಟ್ ರಾ ಫೈಲಿನಲ್ಲಿ 16,384. ಬೆಳ್ಳಕ್ಕಿಯ ಗರಿಯ ನವಿರು ಉಳಿಯುವುದು ಈ ಅಂತರದಲ್ಲಿ.

ಹುಡುಕಾಟವನ್ನು ಗೂಗಲ್‌ನಿಂದ ಆರಂಭಿಸಬೇಡಿ. ಬೆಳಿಗ್ಗೆ ಕುಕ್ಕರಹಳ್ಳಿ, ಕಾರಂಜಿ ಅಥವಾ ಲಿಂಗಾಂಬುಧಿ ಕೆರೆಯ ಏರಿಯ ಮೇಲೆ ಉದ್ದ ಲೆನ್ಸ್ ಹೊತ್ತವರನ್ನು ನಿಲ್ಲಿಸಿ, ‘ಎಡಿಟಿಂಗ್ ಯಾರ ಹತ್ರ ಕಲಿತ್ರಿ ಸಾರ್?’ ಎಂದು ಕೇಳಿ. ಒಂದೇ ಹೆಸರು ಎರಡು ಮೂರು ಬಾಯಲ್ಲಿ ಬಂದರೆ ಬರೆದುಕೊಳ್ಳಿ. ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಛಾಯಾಚಿತ್ರ ವಿಭಾಗ ಇದೆ, ಆದರೆ ಅಲ್ಲಿಯದು ಪದವಿ ಓದು. ಅಲ್ಲಿ ಓದಿದವರಲ್ಲಿ ಯಾರಾದರೂ ಬಿಡಿಯಾಗಿ ಹೇಳಿಕೊಡುತ್ತಾರಾ ಎಂದು ವಿಚಾರಿಸಿ.

ಇನ್ನು ಅಸಲಿ ಹಂತ, ಡೆಮೊ. ಹೆಚ್ಚಿನವರು ಬರಿಗೈಯಲ್ಲಿ ಹೋಗಿ, ಮೇಷ್ಟ್ರು ತೋರಿಸಿದ ಚಂದದ ಫೋಟೊ ನೋಡಿ ತಲೆದೂಗಿ ಬರುತ್ತಾರೆ. ಅದು ಅವರು ಮೊದಲೇ ಪಳಗಿಸಿಟ್ಟುಕೊಂಡ ಫೈಲು. ನೀವು ಪೆನ್‌ಡ್ರೈವ್‌ನಲ್ಲಿ ನಿಮ್ಮವೇ ಮೂರು ರಾ ಫೈಲ್ ಒಯ್ಯಿರಿ: ರಂಗನತಿಟ್ಟಿನಲ್ಲಿ ನಡುಮಧ್ಯಾಹ್ನ ತೆಗೆದ ಬಿಳಿ ಹಕ್ಕಿ; ಸಂಜೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ದಾಟಿಸಿ ತೆಗೆದ ಮಿಂಚುಳ್ಳಿ; ಕೊಕ್ಕರೆ ಬೆಳ್ಳೂರಿನ ಹುಣಸೆ ಮರದಲ್ಲಿ ರೆಂಬೆಗಳ ನಡುವೆ ಕೂತ ಹೆಜ್ಜಾರ್ಲೆ (ಪೆಲಿಕನ್). ಎದುರಿಗೇ ಎಡಿಟ್ ಮಾಡಿ ತೋರಿಸಿ ಎನ್ನಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಬಿಳಿ ಹಕ್ಕಿಯ ಫೈಲ್ ತೆರೆದಾಗ ಅವರು ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ವೈಟ್ಸ್ ಸ್ಲೈಡರ್ ಎಳೆಯುತ್ತಾರಾ ನೋಡಿ. ಪರದೆ ಕಪ್ಪಾಗಿ, ವಿವರ ಸುಟ್ಟುಹೋದ ಜಾಗ ಮಾತ್ರ ಹೊಳೆಯುತ್ತದೆ. ಆ ಜಾಗ ಬಣ್ಣವಾಗಿ ಕಂಡರೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಒಂದೋ ಎರಡೋ ಹೋಗಿದೆ, ಅಷ್ಟಿಷ್ಟು ವಾಪಸ್ ತರಬಹುದು. ಪೂರ್ತಿ ಬಿಳಿಯಾಗಿ ಕಂಡರೆ ಮೂರೂ ಹೋಗಿರಬಹುದು. ಆಗ ಹೈಲೈಟ್ಸ್ ಸ್ಲೈಡರನ್ನು ಮೈನಸ್ 100ಕ್ಕೆ ಎಳೆದರೂ ಸಿಗುವುದು ಗರಿಯಲ್ಲ, ಬರೀ ಬೂದು ಬಣ್ಣ ಎಂದಾದರೆ ಫೈಲಿನಲ್ಲೇ ವಿವರ ಇಲ್ಲ. ‘ಈ ಫೋಟೊ ಹೋಯ್ತು, ಕ್ಯಾಮೆರಾದಲ್ಲೇ ಎಕ್ಸ್‌ಪೋಷರ್ ಇಳಿಸಬೇಕಿತ್ತು’ ಎಂದು ಮುಖಕ್ಕೆ ಹೇಳುವವರ ಹತ್ತಿರ ಧೈರ್ಯವಾಗಿ ಸೇರಿ.

ಮಿಂಚುಳ್ಳಿಯಲ್ಲಿ ನೋಡಬೇಕಾದ್ದು ಕ್ರಮ. ನಾಯ್ಸ್ (ಕಾಳುಕಾಳಾಗಿ ಕಾಣುವ ಚುಕ್ಕೆ) ತೆಗೆಯುವುದು ಮೊದಲು, ಶಾರ್ಪ್‌ನೆಸ್ ಆಮೇಲೆ. ಉಲ್ಟಾ ಮಾಡಿದರೆ ನಾಯ್ಸಿನ ಕಾಳೂ ಚೂಪಾಗಿ ಕೂರುತ್ತದೆ. ಲೈಟ್‌ರೂಮ್‌ನ ಎಐ ಡಿನಾಯ್ಸ್ ಶುರುವಿನಲ್ಲಿ ತಾನಾಗಿ 50ರಲ್ಲಿರುತ್ತದೆ. ಹಕ್ಕಿಗೆ 30ರಿಂದ 50ರೊಳಗೆ ಇರಲಿ. ಅದನ್ನು 80ಕ್ಕೆ ಏರಿಸಿ ‘ಎಷ್ಟು ಕ್ಲೀನ್ ನೋಡಿ’ ಎನ್ನುವವರು ಮದುವೆ ಮೇಷ್ಟ್ರು. ಶೇಕಡ 100 ಜೂಮ್‌ನಲ್ಲಿ ಕಣ್ಣಿನ ಸುತ್ತಲಿನ ಪುಟ್ಟ ಗರಿ ಒಂದೊಂದಾಗಿ ಕಾಣಬೇಕು. ಕೆಲವು ಶಾರ್ಪ್‌ನಿಂಗ್ ಸಾಫ್ಟ್‌ವೇರ್‌ಗಳು ಇಲ್ಲದ ಗರಿಯನ್ನು ತಾವೇ ಗೀಚಿಬಿಡುತ್ತವೆ. ದೂರದಿಂದ ಅದ್ಭುತ, ಹತ್ತಿರ ಹೋದರೆ ಮೀನಿನ ಹುರುಪೆ.

ಹೆಜ್ಜಾರ್ಲೆ ಇರುವುದು ಮಾಸ್ಕ್, ಅಂದರೆ ಆಯ್ದ ಭಾಗವನ್ನಷ್ಟೇ ತಿದ್ದುವ ಕೆಲಸದ ಪರೀಕ್ಷೆಗೆ. ಸೆಲೆಕ್ಟ್ ಸಬ್ಜೆಕ್ಟ್ ಒತ್ತಿದರೆ ಹಕ್ಕಿಯ ಜೊತೆ ಎರಡು ರೆಂಬೆಯೂ ಬರುತ್ತವೆ, ಕಾಲೋ ತಲೆಯ ಹಿಂದಿನ ಜುಟ್ಟೋ ಬಿಟ್ಟುಹೋಗುತ್ತದೆ. ಓ ಕೀ ಒತ್ತಿ ಕೆಂಪು ಹೊದಿಕೆ ನೋಡಿ, ಬ್ರಷ್‌ನಲ್ಲಿ ಕಳೆದು ಕೂಡಿಸಿ ತಿದ್ದುವವರಿಗೆ ಕೆಲಸ ಗೊತ್ತು. ಹಾಗೇ ಬಿಟ್ಟು ಹಿನ್ನೆಲೆ ಕತ್ತಲು ಮಾಡಿದರೆ ಹಕ್ಕಿಯ ಸುತ್ತ ಬಿಳಿ ಗೆರೆ ಎದ್ದು ಕಾಣುತ್ತದೆ. ಅಡ್ಡ ಬಂದ ರೆಂಬೆಯನ್ನು ಅಳಿಸಿಹಾಕುತ್ತೇನೆ ಎಂದರೆ ‘ಸ್ಪರ್ಧೆಗೆ ನಡೆಯುತ್ತಾ?’ ಎಂದು ಕೇಳಿ. ಸ್ಪರ್ಧೆಗಳಿಗೆ ನಿಯಮ ರೂಪಿಸುವ ಛಾಯಾಗ್ರಹಣ ಸಂಸ್ಥೆಗಳಾದ ಪಿಎಸ್‌ಎ, ಫಿಯಾಪ್‌ಗಳ ನೇಚರ್ ವಿಭಾಗದ ನಿಯಮದಲ್ಲಿ ಕ್ರಾಪ್ ಮಾಡಬಹುದು, ಚಿತ್ರದಲ್ಲಿರುವುದನ್ನು ಅಳಿಸುವಂತಿಲ್ಲ, ಹೊಸದನ್ನು ಸೇರಿಸುವಂತಿಲ್ಲ. ಇದನ್ನು ತಿಳಿಯದ ಮೇಷ್ಟ್ರಿಂದ ನಿಮ್ಮ ಫೋಟೊ ಅನರ್ಹವಾದೀತು.

ಫೀಸು ಎರಡು ಕಂತಿನಲ್ಲಿ ಕಟ್ಟಿ. ಬ್ಯಾಚಿನಲ್ಲಿ ಆರು ಜನಕ್ಕಿಂತ ಹೆಚ್ಚಿದ್ದರೆ ಬೇಡ. ‘ಫ್ರೀ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) 500’ ಎಂಬ ಆಮಿಷ ತೋರಿಸುವ ಕಡೆಗೆ ತಿರುಗಿಯೂ ನೋಡಬೇಡಿ. ನೆರಳಿನ ಮಿಂಚುಳ್ಳಿಗೂ ಬಿಸಿಲ ಬೆಳ್ಳಕ್ಕಿಗೂ ಒಂದೇ ಪ್ರಿಸೆಟ್ ಹೊಂದುವುದಿಲ್ಲ. ಕ್ರ್ಯಾಕ್ ಮಾಡಿದ ಫೋಟೊಶಾಪ್ ಹಾಕಿಕೊಡುತ್ತೇನೆ ಎಂದರೂ ಒಪ್ಪಬೇಡಿ, ಜೊತೆಗೆ ವೈರಸ್ ಬರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಲಿಯಿರಿ. ಅದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಡಿನಾಯ್ಸ್ ಒಂದೊಂದು ಫೋಟೊಗೂ ನಿಮಿಷಗಟ್ಟಲೆ ಕಾಯಿಸುತ್ತದೆ. 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನಿರಾಳ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಸ್ಟುಡಿಯೊದವರ ಜೊತೆ ಜಗಳವಾಡುವವರಲ್ಲಿ ಬಹಳಷ್ಟು ಜನರ ತಪ್ಪು ಇದೇ.

ಊರಲ್ಲಿ ಯಾರೂ ಸರಿಹೋಗದಿದ್ದರೆ ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರು ಕಲಿಸುವ ಕ್ಲಾಸ್ ನೋಡಿ. ಷರತ್ತು ಎರಡೇ: ಹಂಚಿಕೊಳ್ಳುವ ಪರದೆ ನಿಮ್ಮದಾಗಿರಬೇಕು, ಮೌಸ್ ನಿಮ್ಮ ಕೈಯಲ್ಲಿರಬೇಕು.