ಮಾಸ್ಟರಿಂಗ್‌ಗೆ ಹಾಡು ಕಳಿಸುವ ಮುನ್ನ

ಮನೆಯ ಕೋಣೆಯಲ್ಲೇ ಮೈಕ್ ಇಟ್ಟು ಭಾವಗೀತೆಯನ್ನೋ ದೇವರನಾಮವನ್ನೋ ಧ್ವನಿಮುದ್ರಿಸಿ, ಮಿಕ್ಸಿಂಗ್‌ ಕೂಡ ತಾವೇ ಮುಗಿಸಿ, ಹಾಡಿನ ಒಟ್ಟು ನಾದವನ್ನೂ ಗಟ್ಟಿತನವನ್ನೂ ಹದಗೊಳಿಸುವ ಕೊನೆಯ ಹಂತವಾದ ಮಾಸ್ಟರಿಂಗ್‌ಗೆ ಮಾತ್ರ ವೃತ್ತಿಪರರ ಮೊರೆ ಹೋಗುವವರಿದ್ದಾರೆ. ಮಿಕ್ಸಿಂಗ್ ಮಾಡುವಾಗ ಗಾಯನ, ತಬಲಾ, ಕೊಳಲು, ತಂಬೂರಿ ಇವೆಲ್ಲ ಬೇರೆ ಬೇರೆ ಟ್ರ್ಯಾಕ್‌ಗಳಾಗಿ ಕೈಗೆ ಸಿಗುತ್ತವೆ. ಮಾಸ್ಟರಿಂಗ್ ಮಾಡುವವರಿಗೆ ಸಾಮಾನ್ಯವಾಗಿ ತಲುಪುವುದು ಅವೆಲ್ಲ ಬೆರೆತ, ಎಡ ಬಲ ಎರಡೇ ಚಾನೆಲ್‌ಗಳ ಒಂದು ಫೈಲ್. ಡಗ್ಗದ ಗುಂಗು ಹೆಚ್ಚಾಯಿತೆಂದು ಅವರು ತಗ್ಗು ಸ್ಥಾಯಿಯ ಕಂಪನಗಳನ್ನು ತಗ್ಗಿಸಿದರೆ ಗಾಯಕರ ದನಿಯ ತುಂಬುತನವೂ ಅದರ ಜೊತೆಗೇ ಸೊರಗಬಹುದು. ಆದ್ದರಿಂದ ಮಿಕ್ಸ್‌ನಲ್ಲಿ ಒಂದು ಫೇಡರ್ (ಟ್ರ್ಯಾಕ್‌ನ ಸದ್ದನ್ನು ಹೆಚ್ಚುಕಡಿಮೆ ಮಾಡುವ ಜಾರುಗುಂಡಿ) ಇಳಿಸಿ ಸರಿಪಡಿಸಬಹುದಾದ ದೋಷವನ್ನು ಮುಂದಿನ ಹಂತಕ್ಕೆ ದಾಟಿಸಲೇಬಾರದು.

ಮೊದಲ ಕೆಲಸ ಕೇಳುವುದು. ಒಂದೆರಡು ದಿನ ಕಿವಿಗೆ ವಿರಾಮ ಕೊಟ್ಟು, ಅನಂತರ ಹೆಡ್‌ಫೋನ್‌ನಲ್ಲಿ, ಕಾರಿನಲ್ಲಿ, ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಹಾಡನ್ನು ಪೂರ್ತಿಯಾಗಿ ಕೇಳಬೇಕು. ಎರಡೂ ಚಾನೆಲ್‌ಗಳನ್ನು ಕೂಡಿಸಿ ಮೋನೊದಲ್ಲಿ ಕೇಳಿದಾಗ ಕೊಳಲು ಮಂಕಾದರೆ ಅಥವಾ ಮಾಯವಾದರೆ ಫೇಸ್ ದೋಷವಿದೆಯೆಂದು, ಅಂದರೆ ಎರಡು ಚಾನೆಲ್‌ಗಳ ಅಲೆಗಳು ಒಂದನ್ನೊಂದು ಅಳಿಸುತ್ತಿವೆಯೆಂದು ತಿಳಿಯಬೇಕು. ಫ್ಯಾನಿನ ಸದ್ದು, ವಿದ್ಯುತ್ತಿನ 50 ಹರ್ಟ್ಜ್ ಹಮ್, ಎಡಿಟ್ ಮಾಡಿದ ಜಾಗದ ಚಿಟುಕುಗಳನ್ನು ಈಗಲೇ ತೆಗೆಯಬೇಕು. ಮಾಸ್ಟರಿಂಗ್‌ನಲ್ಲಿ ಹಾಡಿನ ಒಟ್ಟು ಗಟ್ಟಿತನ ಏರಿದಾಗ ಇವೂ ಏರುತ್ತವೆ. ಸ, ಶ, ಷ ಅಕ್ಷರಗಳು ಕಿವಿಗೆ ಚುಚ್ಚುತ್ತಿದ್ದರೆ ಗಾಯನದ ಟ್ರ್ಯಾಕ್‌ಗೇ ಆ ಚುಚ್ಚುವ ಸದ್ದನ್ನು ತಗ್ಗಿಸುವ ಡಿ-ಎಸ್ಸರ್ ಹಾಕುವುದು ಒಳ್ಳೆಯದು. ಭಾವಗೀತೆಯಲ್ಲಿ ಸಾಹಿತ್ಯವೇ ಜೀವವಾದ್ದರಿಂದ, ಕವಿತೆಯನ್ನು ಓದಿರದ ಒಬ್ಬರಿಗೆ ಹಾಡು ಕೇಳಿಸಿ, ಕಿವಿಗೆ ಬಿದ್ದ ಸಾಲುಗಳನ್ನು ಬರೆಯಲು ಹೇಳಬೇಕೆಂಬುದು ನನ್ನ ಸಲಹೆ. ಮೀಟರ್ ತೋರಿಸದ ಕೊರತೆಯನ್ನು ಆ ಕಾಗದ ತೋರಿಸುತ್ತದೆ.

ಮುಂದಿನದು ಅತಿ ಮುಖ್ಯವಾದ ಹಂತ: ಮಾಸ್ಟರ್ ಚಾನೆಲ್‌ನ ಮೇಲೆ ಸದ್ದು ಹೆಚ್ಚಿಸಲೆಂದು ಹಾಕಿದ ಲಿಮಿಟರನ್ನು (ಸದ್ದು ಒಂದು ಮಿತಿ ಮೀರದಂತೆ ತಡೆಯುವ ಸಾಧನ) ತೆಗೆಯಬೇಕು. ತಬಲಾದ ‘ನಾ’ ಪೆಟ್ಟಿನ ಮೊನೆಯನ್ನು ಲಿಮಿಟರ್ ಒಮ್ಮೆ ಚಪ್ಪಟೆ ಮಾಡಿತೆಂದರೆ ಆ ಮೊನೆಯನ್ನು ಮೊದಲಿನಂತೆ ಮರಳಿ ತರಲಾಗದು. ಲಿಮಿಟರ್ ತೆಗೆದಾಗ ಮೀಟರ್‌ನಲ್ಲಿ ಮಟ್ಟವು ಡಿಜಿಟಲ್ ಸದ್ದಿನ ಗರಿಷ್ಠ ಮಿತಿಯಾದ ಸೊನ್ನೆಯನ್ನು ದಾಟಿದರೆ ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿ, ಅತಿ ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6ರಿಂದ ಮೈನಸ್ 3 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು. ಸದ್ದು ಕಡಿಮೆಯಾಯಿತೆಂದು ಅಳುಕಬೇಕಿಲ್ಲ, ಏಕೆಂದರೆ 24 ಬಿಟ್ ಫೈಲಿನ ಸೈದ್ಧಾಂತಿಕ ವ್ಯಾಪ್ತಿ (ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗಿನ ಅಂತರ) ಸುಮಾರು 144 ಡೆಸಿಬೆಲ್‌ನಷ್ಟಿದ್ದು, ಅದರಲ್ಲಿ ಐದಾರು ಡೆಸಿಬೆಲ್ ಜಾಗ ಬಿಡುವುದರಿಂದ ಗುಣಮಟ್ಟಕ್ಕೆ ಕುಂದಿಲ್ಲ. ಸ್ಪಾಟಿಫೈಯಂಥ ಸೇವೆಗಳು ಹಾಡುಗಳ ಗಟ್ಟಿತನವನ್ನು ತಾವೇ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಗಟ್ಟಿತನದ ಅಳತೆ) ಮಟ್ಟಕ್ಕೆ ಸರಿಹೊಂದಿಸುವುದರಿಂದ, ಹಿಂಡಿ ಜೋರು ಮಾಡಿದ ಹಾಡಿಗೆ ಅಲ್ಲಿ ಹೆಚ್ಚಿನ ಲಾಭವೂ ಸಿಗದು. ಮೊದಲಿನಿಂದಲೂ ಮಾಸ್ಟರ್ ಚಾನೆಲ್‌ನಲ್ಲಿ ಹದವಾದ ಕಂಪ್ರೆಸರ್ (ಜೋರು ಮತ್ತು ಮೆಲು ಸದ್ದುಗಳ ಅಂತರ ತಗ್ಗಿಸುವ ಸಾಧನ) ಇಟ್ಟೇ ಮಿಕ್ಸ್ ಮಾಡಿದ್ದರೆ ಅದನ್ನು ಉಳಿಸಿಕೊಳ್ಳಬಹುದು. ಅನುಮಾನವಿದ್ದರೆ ಅದಿರುವ, ಅದಿಲ್ಲದ ಎರಡೂ ಆವೃತ್ತಿಗಳನ್ನು ಕಳಿಸುವುದು ಲೇಸು.

ಎಕ್ಸ್‌ಪೋರ್ಟ್ ಮಾಡುವಾಗ 24 ಬಿಟ್ ಅಥವಾ 32 ಬಿಟ್ ಫ್ಲೋಟ್‌ನ ವೇವ್ ಫೈಲನ್ನೇ ಆರಿಸಬೇಕು, ಎಂಪಿ3 ಸಲ್ಲದು. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಲಾಗುತ್ತದೆ ಎಂಬ ಲೆಕ್ಕ) 48 ಕಿಲೋಹರ್ಟ್ಜ್ ಇಟ್ಟು ಮುದ್ರಿಸಿದ್ದರೆ 48ರಲ್ಲೇ ಕೊಡಬೇಕು. 96ಕ್ಕೆ ಏರಿಸಿದ ಮಾತ್ರಕ್ಕೆ ಮುದ್ರಣದಲ್ಲಿಲ್ಲದ ವಿವರ ಹುಟ್ಟುವುದಿಲ್ಲ. ಸದ್ದಿನ ಮಟ್ಟವನ್ನು ತಾನಾಗಿಯೇ ಬದಲಿಸುವ ನಾರ್ಮಲೈಸ್ ಆಯ್ಕೆ ಆಫ್ ಆಗಿರಲಿ. ಹಾಡಿನ ಆದಿಯಲ್ಲಿ ಒಂದೆರಡು ಸೆಕೆಂಡ್ ಖಾಲಿ ಬಿಟ್ಟು, ಕೊನೆಯಲ್ಲಿ ರಿವರ್ಬ್ (ಅನುರಣನ) ಮತ್ತು ತಂಬೂರಿಯ ನಾದ ಪೂರ್ತಿ ಅಡಗುವವರೆಗೂ ಉಳಿಸಬೇಕು. ನಾದ ಎಲ್ಲಿಂದ ಕರಗುತ್ತ ಹೋಗಬೇಕೆಂಬುದನ್ನು ನಿಮಿಷ ಸೆಕೆಂಡ್ ಸಹಿತ ಬರೆದು ತಿಳಿಸಿದರೆ ಸಾಕು.

ಫೈಲಿನ ಹೆಸರಲ್ಲಿ ಹಾಡಿನ ಹೆಸರು, ಆವೃತ್ತಿಯ ಸಂಖ್ಯೆ, ಸ್ಯಾಂಪಲ್ ರೇಟ್ ಇರಲಿ. ಆಲ್ಬಮ್ ಆದರೆ ಹಾಡುಗಳ ಕ್ರಮವನ್ನೂ, ನಾದದ ಗುಣದಲ್ಲಿ ಮಾದರಿಯಾಗಿ ನಿಮಗೆ ಮೆಚ್ಚುಗೆಯಾದ ಒಂದೆರಡು ಹಾಡುಗಳನ್ನೂ ತಿಳಿಸಬೇಕು. ಎಕ್ಸ್‌ಪೋರ್ಟ್ ಆದ ಫೈಲನ್ನು ಆರಂಭದಿಂದ ಅಂತ್ಯದವರೆಗೆ ಮತ್ತೊಮ್ಮೆ ಕೇಳದೆ ಕಳಿಸಬಾರದು. ಅದೇ ದಿನ, ಅದೇ ಮಟ್ಟಗಳಲ್ಲಿ, ಗಾಯನವಿಲ್ಲದ ಕರೋಕೆ ಆವೃತ್ತಿಯನ್ನೂ ಎಕ್ಸ್‌ಪೋರ್ಟ್ ಮಾಡಿಟ್ಟರೆ ಒಳಿತು. ವೇದಿಕೆಗೋ ಶಾಲೆಯ ಸ್ಪರ್ಧೆಗೋ ಯಾರಾದರೂ ಅದನ್ನು ಕೇಳುವ ಹೊತ್ತಿಗೆ ಸಾಫ್ಟ್‌ವೇರ್ ಬದಲಾಗಿ, ಹಳೆಯ ಪ್ರಾಜೆಕ್ಟ್ ಮೊದಲಿನಂತೆ ತೆರೆಯದೆ ಹೋಗಬಹುದು.